ಇದ್ದಂಗಪ್ಪನ ಇಳಿಜಾರು

ಅಕ್ಕನಿಗೆ "ಯಾರಿಗೂ ಹೇಳಬೇಡ" ಎಂದು ಹೇಳಿದ್ದೇ ತಪ್ಪಾಯಿತು. ಆ ಒಂದು ಮಾತು ಸೇರಿಸದೆ ಇದ್ದಿದ್ದರೆ ಆಕೆ ಕೇಳಿ ಮರೆತಾದರೂ ಬಿಡುತ್ತಿದ್ದಳೇನೋ. ಗುಟ್ಟು ಅಕ್ಕನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬುದು ತಮ್ಮನಿಗೆ ಚಡ್ಡಿ ಹಾಕುವ ಕಾಲದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ದಿನ ಫೋನಿನಲ್ಲಿ ಹೇಳಿಬಿಟ್ಟ.

"ಅಕ್ಕಾ, ನಾಳೆ ನಮ್ಮ ಇಳಿಜಾರು ನೋಡೋಕೆ ಇಲಾಖೆಯಿಂದ ನಾನೇ ಬರ್ತಿದ್ದೀನಿ. ಸಂಜೆ ನಮ್ಮ ಮೇಡಂ ಬಂದು ತೀರ್ಮಾನ ಹೇಳ್ತಾರೆ. ಅದೇನಾದ್ರೂ ಒಂದನೇ ದರ್ಜೆ ಅಂತ ಆದ್ರೆ ಪುರಸಭೆಯೋರು ಅದನ್ನ ಮುಟ್ಟೋ ಹಾಗಿಲ್ಲ. ಯಾರಿಗೂ ಹೇಳ್ಬೇಡ ಮತ್ತೆ."

"ನಾನ್ಯಾರಿಗೋ ಹೇಳ್ಲಿ? ನನಗ್ಯಾರಿದ್ದಾರೆ?" ಎಂದಳು ಅಕ್ಕ. ಫೋನು ಇಡುವ ಮೊದಲೇ ಆಕೆ ಚಪ್ಪಲಿ ಮೆಟ್ಟುವ ಸದ್ದು ಇತ್ತ ಕೇಳಿಸಿತ್ತು. ಆಗಲೇ ಹುಷಾರಾಗಬೇಕಿತ್ತು, ಆಗಲಿಲ್ಲ.

ಅವನಿಗೆ ಕಚೇರಿಯಲ್ಲಿ ಇದ್ದಂಗಪ್ಪ ಎಂದು ಹೆಸರು. ಹೆತ್ತವರು ಇಟ್ಟದ್ದಲ್ಲ, ಜೊತೆಯವರು ದಯಪಾಲಿಸಿದ್ದು. ಪರಂಪರೆ ಇಲಾಖೆಯಲ್ಲಿ ಕೋಟೆ, ಅರಮನೆಗಳನ್ನು ನೋಡಿಕೊಳ್ಳಲು ದೊಡ್ಡ ದೊಡ್ಡವರಿದ್ದರು. ಇವನ ಪಾಲಿಗೆ ಬಂದದ್ದು ಗುಡ್ಡ, ಬಯಲು, ಕೊಳದ ದಂಡೆ, ಕಾಲುದಾರಿ. "ಇಲ್ಲೇನಿದೆ ಅಂತ ನೋಡ್ತಾ ನಿಂತಿದ್ದೀರಿ?" ಎಂದು ದಾರಿಹೋಕರು ಕೇಳುವಂಥ ಜಾಗಗಳು. ಅಲ್ಲಿ ಜನ ಎಲ್ಲಿ ಕೂರುತ್ತಾರೆ, ಯಾವ ಬಂಡೆಗೆ ಏನೆಂದು ಕರೆಯುತ್ತಾರೆ, ಯಾವ ತಿರುವಿನಲ್ಲಿ ನಿಂತು ಯಾರನ್ನು ನೆನೆಸಿಕೊಳ್ಳುತ್ತಾರೆ ಎಂದು ಕೇಳಿ ತಿಳಿದು, ಆ ನೆಲಕ್ಕೆ ಎಷ್ಟು ಮಹತ್ವವಿದೆ ಎಂದು ಹೇಳುವುದು ಅವನ ಕೆಲಸ. ಯಾರಾದರೂ ಇಲ್ಲೊಂದು ಬೆಂಚು ಹಾಕಿಸೋಣವೇ ಎಂದರೆ "ಬೇಡ, ಇದ್ದ ಹಾಗೇ ಇರಲಿ" ಎನ್ನುತ್ತಿದ್ದ. ಪೊದೆ ಕಡಿಸೋಣವೇ ಎಂದರೂ ಅದೇ ಉತ್ತರ. ಕ್ಯಾಂಟೀನಿನವನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಲೇ ಎಂದಾಗಲೂ ಬಾಯಿಗೆ ಅದೇ ಬಂತು. ಅವತ್ತಿನಿಂದ ಹೆಸರು ಗಟ್ಟಿಯಾಯಿತು.

ಆ ಮಾತನ್ನು ಅವನು ಬಾಯಲ್ಲಿ ಆಡಿ ಬಿಟ್ಟಿರಲಿಲ್ಲ, ಇಲಾಖೆಯ ನಿಯಮವನ್ನಾಗಿಯೂ ಮಾಡಿಸಿದ್ದ. ಹಿಂದೊಮ್ಮೆ ಸಿರಿವಂತನೊಬ್ಬ ಹಳೆಯ ಕೊಳವನ್ನು "ಮೊದಲಿನ ರೂಪಕ್ಕೆ ತರ್ತೀನಿ" ಎಂದು ಅಪ್ಪಣೆ ಪಡೆದು, ಅದರ ಮಧ್ಯೆ ಹೋಟೆಲು ಎಬ್ಬಿಸಿಕೊಂಡಿದ್ದ. ಆಗ ಇದ್ದಂಗಪ್ಪ ಮೇಲಿನವರ ಜೊತೆ ಜಗಳವಾಡಿ ಒಂದು ನಿಯಮ ಬರೆಸಿದ. ದರ್ಜೆ ಘೋಷಿಸಿದ ಗಳಿಗೆಯಲ್ಲಿ ಜಾಗ ಹೇಗಿದೆಯೋ ಮುಂದೆಯೂ ಹಾಗೇ ಇರಬೇಕು. ಹೊಸದು ಸೇರಿಸುವಂತಿಲ್ಲ, ಇದ್ದದ್ದು ತೆಗೆಯುವಂತಿಲ್ಲ. ಇಲಾಖೆಯವರಿಗೂ ವಿನಾಯಿತಿ ಇಲ್ಲ. ಅವನ ಇಡೀ ನೌಕರಿಯಲ್ಲಿ ಅವನು ಗೆದ್ದ ಜಗಳ ಅದೊಂದೇ. ಮನೆಗೆ ಬಂದ ನೆಂಟರಿಗೆಲ್ಲ ಅದನ್ನು ಹೇಳಿ ಹೇಳಿ, ನೆಂಟರೇ ಕಡಿಮೆಯಾಗಿದ್ದರು.

ಈಗಿನ ಇಳಿಜಾರು ಅವನು ಆಡಿ ಬೆಳೆದದ್ದು. ಅಕ್ಕನ ಮನೆಯಿರುವ ಓಣಿಯ ಕೊನೆಯಿಂದ ಪಾಚಿಗಟ್ಟಿದ ಮೆಟ್ಟಿಲುಗಳು ಕೆಳಗಿನ ತೊರೆಯವರೆಗೆ ಇಳಿಯುತ್ತವೆ. ಒಂದು ಪಕ್ಕಕ್ಕೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಸಂದಿಯಲ್ಲೆಲ್ಲ ಜರಿಗಿಡ. ತೊರೆಯ ಅಂಚಿಗೆ ಬಟ್ಟೆ ಒಗೆಯುವ ಕಲ್ಲುಗಳ ಸಾಲು. ಪುರಸಭೆಗೆ ಇದನ್ನೆಲ್ಲ ಸಮ ಮಾಡಿ ವಾಹನ ನಿಲ್ಲಿಸುವ ಜಾಗ ಮಾಡುವ ಆಸೆ. ಇದು ನನ್ನ ಹುಟ್ಟೂರಿನ ಜಾಗ ಎಂದು ಇದ್ದಂಗಪ್ಪ ಮೊದಲೇ ಮೇಡಂಗೆ ತಿಳಿಸಿದ್ದ. "ನೀವು ನೋಡಿ ಹೇಳಿ, ತೀರ್ಮಾನ ನಂದು" ಎಂದಿದ್ದರು ಆಕೆ.

ಅವನು ಯಾರಿಗೂ ತಿಳಿಸದೆ ಇದ್ದದ್ದು ಒಂದೇ ಒಂದು. ಆ ಸಾಲಿನಲ್ಲಿ ದೊಡ್ಡ ಮರದ ಬೇರಿಗೆ ಒತ್ತಿಕೊಂಡ ಕಲ್ಲು ಅವನ ಅಮ್ಮನದು. ಅವಳು ಊರವರ ಬಟ್ಟೆ ಒಗೆದು ಇಬ್ಬರು ಮಕ್ಕಳನ್ನು ಸಾಕಿದವಳು. ಜೀವಮಾನವಿಡೀ ಒಂದೇ ಕಡೆ ಬಡಿದೂ ಬಡಿದೂ ಕಲ್ಲಿನ ನಡುವೆ ಬೊಗಸೆಯಷ್ಟು ಗುಳಿ ಬಿದ್ದಿತ್ತು. ಅಮ್ಮನದೊಂದು ಫೋಟೊ ಮನೆಯಲ್ಲಿರಲಿಲ್ಲ, ತೆಗೆಸುವ ಪುರುಸೊತ್ತು ಅವಳಿಗೂ ಇರಲಿಲ್ಲ, ಮಗನಿಗೂ ಇರಲಿಲ್ಲ. ಅವಳು ಹೋದ ಮೇಲೆ ಅವಳ ಗುರುತು ಅಂತ ಉಳಿದದ್ದು ಆ ಗುಳಿ. ಊರೂರಿನ ಕಲ್ಲುಗಳನ್ನೆಲ್ಲ ಅಳೆದು ಚಿತ್ರ ತೆಗೆದುಕೊಂಡವನು ಇದೊಂದನ್ನು ಮಾತ್ರ ತೆಗೆದಿರಲಿಲ್ಲ. ಬಂದಾಗಲೆಲ್ಲ ಅಕ್ಕನ ಮನೆಯಲ್ಲಿ ಕಾಫಿ ಕುಡಿದು, ಮುಂದಿನ ಸಲ ಕೆಳಗಿಳಿದು ನೋಡೋಣ ಎಂದು ಬಸ್ಸು ಹತ್ತುತ್ತಿದ್ದ. ಅಮ್ಮ ಇದ್ದಾಗಲೂ ಅವನ ಬಾಯಲ್ಲಿ ಮುಂದಿನ ಸಲವೇ ಇತ್ತು.

ಬೆಳಿಗ್ಗೆ ಓಣಿಗೆ ಕಾಲಿಡುತ್ತಲೇ ಮೂಗಿಗೆ ಹಸಿ ಬಣ್ಣದ ವಾಸನೆ ಬಡಿಯಿತು. ಜೊತೆಗೇ ಒಂದು ಸೀಟಿ ಕೂಗಿತು. ಓಣಿಯ ಜನರೆಲ್ಲ ಪೊರಕೆ, ಬಕೆಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಸಾಲಿನ ಮುಂದೆ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಇದ್ದಂಗಪ್ಪನನ್ನು ಮೈದಾನದ ಸುತ್ತ ಓಡಿಸಿದವರು ಅವರೇ.

"ಬರಬೇಕು ಸಾಹೇಬ್ರೇ!" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ, ಹತ್ತಿರ ಬಂದು ದನಿ ತಗ್ಗಿಸಿದರು. "ಏನೋ, ಸೊರಗಿ ಹೋಗಿದ್ದೀಯಲ್ಲೋ. ಎದೆ ಮುಂದೆ ಮಾಡಿ ನಿಂತ್ಕೋ."

"ಮೇಷ್ಟ್ರೇ, ಇದೆಲ್ಲ ಏನು?"

"ಇನ್ನೇನು? ಶಾಲೆಗೆ ಇನ್ಸ್‌ಪೆಕ್ಟ್ರು ಬರ್ತಾರೆ ಅಂದ್ರೆ ಗೋಡೆಗೆ ಸುಣ್ಣ ಹೊಡೆಸ್ತಿರ್ಲಿಲ್ವಾ? ನಿನ್ನ ಅಕ್ಕ ನಿನ್ನೆ ವಿಷಯ ಹೇಳಿದ್ಳು. ಕತ್ತಲಿರುವಾಗ್ಲೇ ಎಲ್ಲರನ್ನೂ ಎಬ್ಬಿಸ್ದೆ. ನಮ್ಮ ಇಳಿಜಾರು ಉಳಿಯೋದು ಅಂದ್ರೆ ಸುಮ್ನೇನಾ? ಬಾ, ನೋಡು ಬಾ!"

ನೋಡಿದ. ಗೋಡೆಯ ಜರಿಗಿಡವೆಲ್ಲ ಬುಡಸಮೇತ ಕಿತ್ತು ಬುಟ್ಟಿ ಸೇರಿತ್ತು. ಪಾಚಿಯನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ತೆಗೆದಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಮಳೆ ಬಿದ್ದ ಮೇಲೆ ಪಾಚಿ ಮತ್ತೆ ಹಿಡಿಯುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಗೋಡೆಯ ಉದ್ದಕ್ಕೂ ಒಂದು ಕಲ್ಲಿಗೆ ಗಿಳಿಹಸಿರು, ಒಂದು ಕಲ್ಲಿಗೆ ಕಿತ್ತಳೆ ಬಣ್ಣ ಬಳಿದಿತ್ತು. ಪಕ್ಕದಲ್ಲಿ ಬಣ್ಣದ ಅಂಗಡಿಯವನು ಮದುವಣಿಗನ ಅಪ್ಪನಂತೆ ಕೈಕಟ್ಟಿ ನಿಂತಿದ್ದ.

"ಸಾರ್, ಅಂಗಡೀಲಿ ಎಷ್ಟೋ ವರ್ಷದಿಂದ ಈ ಎರಡು ಬಣ್ಣ ಹಾಗೇ ಕೂತಿದ್ವು. ಯಾರೂ ಮುಟ್ತಿರ್ಲಿಲ್ಲ. ಊರಿನ ಕೆಲಸ ಅಂತ ಪೂರ್ತಿ ಸುರಿದುಬಿಟ್ಟೆ. ಹೇಗಿದೆ?"

ಇದ್ದಂಗಪ್ಪ ಒಂದೊಂದೇ ಕಲ್ಲನ್ನು ಕಣ್ಣರಳಿಸಿ ನೋಡಿದ. ಅದನ್ನು ಅಂಗಡಿಯವನು ಮೆಚ್ಚುಗೆ ಎಂದೇ ತಿಳಿದ.

ಮೆಟ್ಟಿಲುಗಳ ಅಂಚಿಗೆಲ್ಲ ಸಿಮೆಂಟು ಬಳಿದು ಗೆರೆ ಎಳೆದಿದ್ದರು. ಸಿಮೆಂಟು ಇಷ್ಟು ದೂರ ಬಂದಿದ್ದರೆ ಇನ್ನೆಷ್ಟು ದೂರ ಹೋಗಿದೆಯೋ ಎಂದು ಅವನು ಮೆಟ್ಟಿಲಿಳಿದು ಓಡಿದ. ಹಿಂದಿನಿಂದ "ನಿಧಾನ ಕಣೋ, ಇನ್ನೂ ಹಸಿ ಇದೆ!" ಎಂದು ಮೇಷ್ಟ್ರು ಕೂಗಿದರು.

ಕೆಳಗೆ ಮರದ ಬೇರಿನ ಪಕ್ಕ ಗಾರೆ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು, ಕರಣೆಯಿಂದ ಕಲ್ಲಿನ ಮೇಲೆ ಕೊನೆಯ ಬಾರಿ ಸವರುತ್ತಿದ್ದ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಕ್ಕ. ಅಮ್ಮನ ಕಲ್ಲು ಊಟದ ಮೇಜಿನ ಹಾಗೆ ಸಪಾಟಾಗಿತ್ತು.

"ಅಕ್ಕಾ, ಗುಳಿ ಎಲ್ಲಿ?"

"ಮುಚ್ಚಿಸ್ದೆ ಕಣೋ."

"ಯಾರು ಹೇಳಿದ್ರು ಮುಚ್ಚು ಅಂತ?"

"ಅಮ್ಮ ಹೇಳಿದ್ಳು," ಎಂದಳು ಅಕ್ಕ. "ನಿನಗೇನು ಗೊತ್ತು? ಬಟ್ಟೆ ಹಿಂಡೋಕೆ ಕೂರ್ತಿದ್ದೋಳು ನಾನು. ಆ ಹಾಳು ಗುಳೀಲಿ ಅಂಗಿ ಗುಂಡಿ ಸಿಕ್ಕಿ ಒಡೀತಿದ್ವು. ಬಟ್ಟೆಯೋರ ಮನೇಲಿ ಬೈಸ್ಕೊಂಡು ಬಂದು ಅಳ್ತಾ ಕೂರ್ತಿದ್ಳು. ನನ್ನ ಮಗ ದೊಡ್ಡೋನಾಗ್ಲಿ, ಒಂದು ಹಿಡಿ ಗಾರೆ ಹಾಕಿಸಿ ಸಮ ಮಾಡಿಸ್ತಾನೆ ಅಂತಿದ್ಳು. ನೀನಂತೂ ಮಾಡಿಸ್ಲಿಲ್ಲ. ಇವತ್ತು ಮೇಸ್ತ್ರಿ ಹೇಗೂ ಸಿಕ್ಕಿದ್ದ, ನಾನಾದ್ರೂ ಮಾಡಿಸ್ದೆ."

ಇದ್ದಂಗಪ್ಪ ಬೇರಿನ ಮೇಲೆ ಕುಸಿದು ಕೂತ. ಅವನು ಇಷ್ಟು ಕಾಲ ಎದೆಯಲ್ಲಿಟ್ಟುಕೊಂಡು ಪೂಜಿಸಿದ್ದು ಅಮ್ಮನನ್ನು ಅಳುವಂತೆ ಮಾಡಿದ ಗುಳಿಯನ್ನು. ಅದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೂ ಅದು ಬೇಕೆಂದೇ ಮನಸ್ಸು ಹಟ ಮಾಡುತ್ತಿತ್ತು, ಅದಕ್ಕಾಗಿ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

"ಮೇಸ್ತ್ರಿ, ಇದನ್ನ ಎಬ್ಬಿಸೋಕಾಗುತ್ತಾ?" ಎಂದು ಕೇಳಿದ.

ಮೇಸ್ತ್ರಿ ಅವನನ್ನೂ ಕಲ್ಲನ್ನೂ ನೋಡಿದ. "ಎಬ್ಬಿಸ್ಬೋದು ಸಾರ್. ಸಣ್ಣ ಉಳಿ ಬೇಕು. ಕಲ್ಲಿಗೆ ಒಂದು ಗೀರೂ ಆಗ್ದಂಗೆ ತೆಗ್ದುಕೊಡ್ತೀನಿ. ಆದ್ರೆ ಉಳಿ ಬೇರೆ ಕೆಲ್ಸದ ಹತ್ರ ಇದೆ. ಇಗೋ, ಈಗ ಹೋದೆ, ಈಗ ಬಂದೆ."

ಗಾರೆ ಕೆಲಸದವರ "ಈಗ" ಎಷ್ಟು ಉದ್ದವಿರುತ್ತದೆ ಎಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಇದ್ದಂಗಪ್ಪ ಬಾಡಿಗೆ ಮನೆಯಲ್ಲಿದ್ದವನು, ನಂಬಿ ಕೂತ.

ಕೂತಲ್ಲೇ ಅವನಿಗೊಂದು ಉಪಾಯ ಹೊಳೆಯಿತು. ಸಿಮೆಂಟು ಒಣಗಿದರೆ ತಾನೇ ಗಟ್ಟಿಯಾಗುವುದು? ಒಣಗದ ಹಾಗೆ ನೋಡಿಕೊಂಡರೆ ಮೇಸ್ತ್ರಿಗೆ ಸುಲಭ. ಅಕ್ಕನ ಬಕೆಟ್ಟು ತೆಗೆದುಕೊಂಡು ತೊರೆಯಿಂದ ನೀರು ತಂದು ತಂದು ಕಲ್ಲಿನ ಮೇಲೆ ಹನಿಸತೊಡಗಿದ. ಬಿಸಿಲೇರಿದರೂ ಬಿಡಲಿಲ್ಲ. ಅತ್ತ ಹಾದುಹೋಗುತ್ತಿದ್ದ ಬಣ್ಣದ ಅಂಗಡಿಯವನು ನಿಂತು ನೋಡಿ ತಲೆದೂಗಿದ.

"ಭೇಷ್ ಸಾರ್! ಸಿಮೆಂಟಿಗೆ ನೀರು ಕುಡಿಸಿದಷ್ಟೂ ಗಟ್ಟಿ. ಇದು ಇನ್ನು ನಿಮ್ಮ ಮರಿಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಬಿಡಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಇದ್ದಂಗಪ್ಪನಿಗೆ ಬುದ್ಧಿ ಬರುವ ಹೊತ್ತಿಗೆ ಬಕೆಟ್ಟೂ ಬರಿದಾಗಿತ್ತು, ತೋಳೂ ಸೋತಿತ್ತು. ಅಕ್ಕನ ಅಡುಗೆಮನೆಯಿಂದ ಸೌಟು ತಂದು ಕೆರೆದು ನೋಡಿದ. ಸೌಟು ಬಾಗಿತು. ಸಿಮೆಂಟಿನ ಮೇಲೆ ಬೆಕ್ಕು ಪರಚಿದಂಥ ನಾಲ್ಕು ಗೆರೆ ಬಿದ್ದವು, ಅಷ್ಟೆ.

ಇನ್ನು ಗೋಡೆಯನ್ನಾದರೂ ನೋಡೋಣ ಎಂದು ಬಣ್ಣ ಕರಗಿಸುವ ಎಣ್ಣೆ ಬೇಡಿ ತಂದು, ಬಟ್ಟೆ ಅದ್ದಿ ಉಜ್ಜತೊಡಗಿದ. ಗಿಳಿಹಸಿರು ಹೋಗಲಿಲ್ಲ, ಕಿತ್ತಳೆಯ ಕೈ ಹಿಡಿದುಕೊಂಡು ಮೂರನೆಯ ಬಣ್ಣವೊಂದನ್ನು ಹುಟ್ಟಿಸಿತು. ಅದಕ್ಕೆ ಹೆಸರಿರಲಿಲ್ಲ. ಅಂಗಡಿಯವನ ಮುಖ ಸಣ್ಣದಾಯಿತು.

"ಬಣ್ಣ ಹಿಡಿಸ್ಲಿಲ್ಲ ಅಂತ ಬಾಯಲ್ಲಿ ಹೇಳ್ಬಹುದಿತ್ತು ಸಾರ್. ಹೀಗೆ ಎಲ್ಲರ ಮುಂದೆ ಒರೆಸಿ ಅವಮಾನ ಮಾಡ್ಬಾರ್ದಿತ್ತು."

"ಹಾಗಲ್ಲಪ್ಪಾ, ಗೋಡೆ ಮೊದಲಿನ ಹಾಗೇ ಇರ್ಲಿ ಅಂತ..." ಎನ್ನುತ್ತ ಹಿಂದಕ್ಕೆ ಸರಿದ ಇದ್ದಂಗಪ್ಪನ ಕಾಲು ಚೆಲ್ಲಿದ ಎಣ್ಣೆಯ ಮೇಲೆ ಬಿತ್ತು. ಉಳಿದ ಮೆಟ್ಟಿಲುಗಳನ್ನು ಅವನು ಕೂತೇ ಇಳಿದ. ತೊರೆಯಲ್ಲಿ ಮೊಣಕಾಲುದ್ದ ನೀರಿದ್ದದ್ದರಿಂದ ಜೀವಕ್ಕೇನೂ ಆಗಲಿಲ್ಲ. ಅಂಗಿಯ ಬೆನ್ನಿಗೆ ಎರಡೂ ಬಣ್ಣ ಹತ್ತಿ, ಅವನೂ ಗೋಡೆಯ ಒಂದು ಕಲ್ಲಿನಂತೆ ಕಂಡ. ಮೇಷ್ಟ್ರು ಸೀಟಿ ಊದಿ ಜನ ಸೇರಿಸಿ ಅವನನ್ನು ಎತ್ತಿಸಿದರು.

"ಚಿಕ್ಕೋನಿದ್ದಾಗ್ಲೂ ಹೀಗೇ, ಎಡಗಾಲು ಮೊದಲು ಇಡ್ತಿದ್ದ," ಎಂದರು ಎಲ್ಲರ ಕಡೆ ತಿರುಗಿ.

ಅಕ್ಕನ ಮನೆಯಲ್ಲಿ ಭಾವನ ಅಂಗಿ ಹಾಕಿಕೊಂಡು ಅವನು ಹೊರಬರುವಷ್ಟರಲ್ಲಿ ಎರಡು ಕೆಲಸ ಆಗಿಹೋಗಿತ್ತು. ಮೊದಲನೆಯದು, ಮೇಸ್ತ್ರಿ ಕೊನೆಗೂ ಬಂದಿದ್ದ. ಉಳಿ ತಂದಿರಲಿಲ್ಲ. ಅದು ಬೀಗ ಹಾಕಿದ ಕೋಣೆಯಲ್ಲಿತ್ತಂತೆ, ನಾಳೆ ಸಿಗುತ್ತದಂತೆ. ಬಂದವನು ಕಲ್ಲಿನ ಮೇಲಿನ ಸೌಟಿನ ಗೆರೆ ನೋಡಿ, ತನ್ನ ಕೆಲಸ ಕೆಟ್ಟು ಕಾಣುತ್ತಿದೆಯಲ್ಲ ಎಂದು ನೊಂದುಕೊಂಡು, ಮೇಲೆ ಇನ್ನೊಂದು ದಪ್ಪ ಪದರ ಗಾರೆ ಎಳೆದು ನುಣ್ಣಗೆ ಮಾಡಿದ್ದ.

"ಚಿಂತೆ ಬೇಡ ಸಾರ್," ಎಂದ. "ನಾಳೆ ಎಬ್ಬಿಸೋವಾಗ ಎರಡನ್ನೂ ಒಟ್ಟಿಗೇ ಎಬ್ಬಿಸ್ತೀನಿ. ಅಲ್ಲೀವರ್ಗೂ ನೋಡೋಕಾದ್ರೂ ಚೆನ್ನಾಗಿರ್ಲಿ."

ಎರಡನೆಯದು, ಮೇಡಂ ಬಂದಿದ್ದರು.

ಆಕೆ ಯಾರ ಜೊತೆಯೂ ಮಾತಾಡದೆ ಮೇಲಿನಿಂದ ಕೆಳಗಿನವರೆಗೆ ಇಳಿದರು. ಗಿಳಿಹಸಿರು ನೋಡಿದರು, ಕಿತ್ತಳೆ ನೋಡಿದರು, ಹೆಸರಿಲ್ಲದ ಬಣ್ಣದ ಮುಂದೆ ತುಸು ಹೆಚ್ಚು ಹೊತ್ತು ನಿಂತರು. ಆಮೇಲೆ ಜನರ ಮಧ್ಯೆ ಹೋಗಿ ಕೂತು, "ಇದು ನಿಮಗ್ಯಾಕೆ ಬೇಕು?" ಎಂದು ಕೇಳಿದರು. ಮೇಷ್ಟ್ರು ತಮ್ಮ ಹೆಂಡತಿ ಕಾಯಿಲೆಯಲ್ಲಿದ್ದಾಗ ದಿನವೂ ಕೈಹಿಡಿದು ಇಳಿಸಿಕೊಂಡು ಬರುತ್ತಿದ್ದ ಮೆಟ್ಟಿಲುಗಳನ್ನು ತೋರಿಸಿದರು. ಅವರ ದನಿಯಲ್ಲಿ ಮೊದಲ ಸಲ ಸೀಟಿ ಇರಲಿಲ್ಲ. ಅಂಗಡಿಯವನು, ಅಪ್ಪನ ಜೊತೆ ಜಗಳವಾದಾಗಲೆಲ್ಲ ಅಡಗಿ ಕೂರುತ್ತಿದ್ದ ಗೋಡೆಯ ಮೂಲೆ ತೋರಿಸಿದ. ಅಲ್ಲಿಗೆ ಮಾತ್ರ ಎರಡು ಕೋಟು ಬಣ್ಣ ಬಳಿದಿದ್ದ. ಅಕ್ಕ ಅಮ್ಮನ ಕಲ್ಲು ತೋರಿಸಿದಳು.

ಮೇಡಂ ಇದ್ದಂಗಪ್ಪನನ್ನು ಪಕ್ಕಕ್ಕೆ ಕರೆದರು.

"ಬಣ್ಣ ಕಣ್ಣಿಗೆ ಚುಚ್ಚುತ್ತೆ, ನಿಜ. ಆದ್ರೆ ಒಂದು ಓಣಿಗೆ ಓಣಿಯೇ ಕತ್ತಲಲ್ಲೆದ್ದು ಒಂದು ಇಳಿಜಾರನ್ನ ತೊಳೀತು ಅಂದ್ರೆ, ಮಹತ್ವಕ್ಕೆ ಇನ್ಯಾವ ಸಾಕ್ಷಿ ಬೇಕು? ಕಲ್ಲು ನೋಡ್ಬೇಡಿ, ಕಲ್ಲಿನ ಮೇಲೆ ಕೂರೋರನ್ನ ನೋಡಿ ಅಂತ ನೀವೇ ಹೇಳ್ತಿರ್ತೀರಿ. ಒಂದನೇ ದರ್ಜೆ ಕೊಡೋಣ."

ಇದ್ದಂಗಪ್ಪನ ಕಣ್ಣು ತುಂಬಿತು. ಒಡನೆಯೇ ನಿಯಮ ನೆನಪಾಯಿತು.

"ಮೇಡಂ, ಒಂದೇ ಒಂದು ದಿನ ತಡೀಬಹುದಾ? ಆ ಕಲ್ಲಿನ ಮೇಲಿನ ಸಿಮೆಂಟು ನಾಳೆ ಎಬ್ಬಿಸ್ತಾರೆ. ಅದಾದ ಮೇಲೆ ಘೋಷಣೆ ಮಾಡಿದ್ರೆ..."

"ನಾಳೆ ಬೆಳಿಗ್ಗೆ ಪುರಸಭೆಯೋರು ಯಂತ್ರ ತರ್ತಾರೆ. ಇವತ್ತೇ ಆಗ್ಬೇಕು."

"ಇವತ್ತು ಘೋಷಣೆ ಮಾಡಿ, ನಾಳೆ ಅದೊಂದನ್ನ ಮಾತ್ರ..."

"ಘೋಷಣೆ ಆದ್ಮೇಲೆ ತೆಗೆಯೋ ಹಾಗಿಲ್ಲ. ಇಲಾಖೆಯೋರಿಗೂ ವಿನಾಯಿತಿ ಇಲ್ಲ." ಮೇಡಂ ಮುಖದಲ್ಲಿ ಕನಿಕರವಿತ್ತು. "ನೀವೇ ಹಟ ಹಿಡಿದು ಬರೆಸಿದ್ದು. ಆಗ ನಾನು ಬೇಡ ಅಂದಿದ್ದೆ, ನೆನಪಿದೆಯಾ? ಹೇಳಿ, ಏನು ಮಾಡ್ಲಿ?"

ಇದ್ದಂಗಪ್ಪ ಮೇಲೆ ನೋಡಿದ. ಜನ ಪೊರಕೆ ಹಿಡಿದೇ ಕಾಯುತ್ತಿದ್ದರು. ಮೇಷ್ಟ್ರು ಹೆಂಡತಿಯ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ನೋಡಿದ. ಅಮ್ಮನ ಕಲ್ಲು ಬೂದುಬಣ್ಣದಲ್ಲಿ ಹೊಳೆಯುತ್ತಿತ್ತು. ಒಂದು ದಿನ ಮೊದಲು, ಒಂದೇ ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು. ಆ ಗುಳಿಯಲ್ಲಿ ಕೈಯಿಟ್ಟು ಎಷ್ಟು ಕಾಲವಾಗಿತ್ತು ಎಂದು ನೆನಪಿಸಿಕೊಳ್ಳಲು ಹೋದ, ನೆನಪಾಗಲಿಲ್ಲ.

"ಇದ್ದ ಹಾಗೇ ಇರಲಿ ಮೇಡಂ," ಎಂದ.

ಮೇಡಂ ಘೋಷಿಸಿದರು. ನಿಯಮವನ್ನು ಎಲ್ಲರಿಗೂ ಬಿಡಿಸಿ ಹೇಳಿದರು. ಇನ್ನು ಮುಂದೆ ಇಲ್ಲಿ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಜನ ಚಪ್ಪಾಳೆ ತಟ್ಟಿದರು. ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳುವ ಮೊದಲೇ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು ಎದೆ ಸೆಟೆಸಿ ನಿಂತಿದ್ದರು. ಮೇಡಂ ಕಾರು ಹೋಯಿತು. ಅಕ್ಕ ಎಲ್ಲರನ್ನೂ ಕಾಫಿಗೆ ಕರೆದಳು, ಇಡೀ ಓಣಿ ಅವಳ ಹಿಂದೆ ಮೆಟ್ಟಿಲು ಹತ್ತಿತು.

ಇದ್ದಂಗಪ್ಪ ಹಿಂದೆ ಉಳಿದ. ಹೊತ್ತು ಇಳಿಯುತ್ತಿತ್ತು. ಅವನು ಅಮ್ಮನ ಕಲ್ಲಿನ ಮುಂದೆ, ಅವಳು ಕೂರುತ್ತಿದ್ದ ಹಾಗೆಯೇ ಮಂಡಿಯೂರಿ ಕೂತ. ಮೇಸ್ತ್ರಿ ಎಳೆದ ಹೊಸ ಪದರ ಇನ್ನೂ ಹಸಿಯಾಗಿತ್ತು. ಕೆರೆಯಬೇಕೆಂದು ಅವನು ನೆನೆಸಿರಲಿಲ್ಲ, ಆಣೆ ಮಾಡಿ ಹೇಳಬಹುದು. ಕೈ ಮಾತ್ರ ತನ್ನಷ್ಟಕ್ಕೆ ತಾನೇ ಹಳೆಯ ಜಾಗ ಹುಡುಕಿಕೊಂಡು ಹೋಯಿತು. ಗಾರೆ ಬೆರಳಿಗೆ ಎಡೆಗೊಟ್ಟಿತು. ಅವನು ಒತ್ತಿದ, ಬಳಿದ, ಬೊಗಸೆಯಲ್ಲಿ ಎತ್ತಿ ಪಕ್ಕಕ್ಕೆ ಹಾಕಿದ. ಇನ್ನೊಮ್ಮೆ ಒತ್ತಿದ. ಅಷ್ಟರಲ್ಲಿ ಬೆಳಗಿನ ಪದರ ಸಿಕ್ಕಿತು. ಅದು ಅವನೇ ನೀರು ಕುಡಿಸಿ ಬೆಳೆಸಿದ್ದು, ಮಿಸುಕಲಿಲ್ಲ.

ಸೀಟಿ ಓಣಿಯೆಲ್ಲ ಕೇಳುವಂತೆ ಕೂಗಿತು.

"ಕೈ ಮೇಲಕ್ಕೆತ್ತು!" ಮೇಷ್ಟ್ರು ದಡದಡ ಇಳಿದು ಬಂದರು. ಯಾರೆಂದು ತಿಳಿದ ಮೇಲೆ ಅವರ ಬಾಯಿ ತೆರೆದೇ ಉಳಿಯಿತು. "ಅಯ್ಯೋ ಸಾಹೇಬ್ರೇ! ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ! ನಾನು ಕಾವಲು ಶುರು ಮಾಡಿ ಒಂದು ಲೋಟ ಕಾಫಿನೂ ಕುಡಿದಿಲ್ಲ, ಮೊದಲನೇ ಕಳ್ಳ ನೀನೇನಾ?"

"ಮೇಷ್ಟ್ರೇ, ನಾನು..."

"ನಾನು ಮೇಡಂಗೆ ತಿಳಿಸ್ಲೇಬೇಕು ಕಣೋ. ಬೇಜಾರು ಮಾಡ್ಕೋಬೇಡ. ಶಿಸ್ತು ಅಂದ್ರೆ ಶಿಸ್ತು."

ಕಾಫಿ ಲೋಟ ಹಿಡಿದೇ ಜನ ಇಳಿದು ಬಂದರು. ಮೇಸ್ತ್ರಿ ಕರಣೆ ತೆಗೆದು "ಒಂದೇ ನಿಮಿಷ, ಸಮ ಮಾಡ್ಬಿಡ್ತೀನಿ" ಎಂದು ಮುಂದೆ ಬಂದ. ಮೇಷ್ಟ್ರು ಅಡ್ಡ ನಿಂತರು. ಸೇರಿಸುವಂತಿಲ್ಲ ಎಂದ ಮೇಲೆ ಗಾರೆಯನ್ನೂ ಸೇರಿಸುವಂತಿಲ್ಲ ಎಂದರು. ತೆಗೆದದ್ದನ್ನೇ ವಾಪಸ್ಸು ಹಾಕಿದರೆ ಸೇರಿಸಿದಂತೆ ಹೇಗಾಗುತ್ತದೆ ಎಂದು ಅಂಗಡಿಯವನು ವಾದಿಸಿದ. ಓಣಿ ಎರಡು ಪಕ್ಷವಾಯಿತು. ನಿಯಮ ಬರೆಸಿದವನನ್ನೇ ಕೇಳೋಣ ಎಂದು ಯಾರೋ ಅಂದರು. ನಿಯಮ ಬರೆಸಿದವನು ಮೊಣಕೈವರೆಗೆ ಗಾರೆ ಮೆತ್ತಿಕೊಂಡು, ಭಾವನ ಅಂಗಿಯಲ್ಲಿ, ನೆಲ ನೋಡುತ್ತ ಕೂತಿದ್ದ. ವಾದ ಮುಗಿಯುವುದರೊಳಗೆ ಗಾರೆ ಕಚ್ಚಿಕೊಂಡಿತು. ಆಮೇಲೆ ವಾದಿಸುವುದಕ್ಕೂ ಏನೂ ಉಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಬಂದಳು. ತಮ್ಮನ ಕೈಯನ್ನು ತೊರೆಯ ನೀರಿಗೆ ಎಳೆದು, ತನ್ನ ಸೆರಗಿನಿಂದಲೇ ಉಜ್ಜಿ ಉಜ್ಜಿ ತೊಳೆದಳು. ಆಮೇಲೆ ಕಲ್ಲಿನ ಮೇಲೆ ಬಗ್ಗಿ, ಸಪಾಟಾದ ಗಾರೆಯ ನಡುವೆ ಅವನ ಬೆರಳು ಎಳೆದಿದ್ದ ತಗ್ಗನ್ನು ಸವರಿ ನೋಡಿದಳು. ಅದು ಬೊಗಸೆಯಷ್ಟೇ ಇತ್ತು.

"ಅಮ್ಮ ಇದ್ದಿದ್ರೆ ಇವತ್ತು ನಿನ್ನ ಬೆನ್ನು ಮುರೀತಿದ್ಳು ನೋಡು," ಎಂದಳು. ಅವಳ ದನಿ ಒಡೆದಿತ್ತು. "ಇಷ್ಟು ವರ್ಷಕ್ಕೆ ಈಗ ತಾನೇ ಸಮ ಮಾಡಿಸಿದ್ದೆ. ಮತ್ತೆ ಗುಳಿ ಮಾಡಿಟ್ಯಲ್ಲೋ."